ಭೋಪಾಲದ ಸ್ತ್ರೀಯರ ಐಕಮತ್ಯ

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಹೊರೆಯವರು ಅನ್ನ ಸಾರುಗಳನ್ನು ತಂದು, ಅಳುವವರನ್ನು ಸಂತೈಸಿ ಉಣ್ಣಿಸುವುದು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿಯು. ಆದರೆ ಒಂದೇ ರಾತ್ರಿಯಲ್ಲಿ ಕೇರಿಗೆ ಕೇರಿಯೇ ಸಾವಿನ ಮನೆಯಾದರೆ ಅನ್ನ ತರುವ ನೆರೆಯವರು ಯಾರು? ಆ ಸಾವು ಮನುಷ್ಯರ ಅಲಕ್ಷ್ಯದಿಂದಲೇ ಬಂದದ್ದಾಗಿ, ಅದಕ್ಕೆ ಹೊಣೆಗಾರರಾದವರು ದೂರವೇ ಉಳಿದರೆ, ದುಃಖದ ಮೇಲೆ ಅನ್ಯಾಯವನ್ನೂ ಹೊತ್ತವರು ಬದುಕುವ ಬಗೆ ಹೇಗೆ? ಈ ಪ್ರಶ್ನೆಗಳಿಗೆ ಭೋಪಾಲ ನಗರದ ಬಡ ಸ್ತ್ರೀಯರು ತಮ್ಮ ನಡತೆಯಿಂದ ಕೊಟ್ಟ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ನಡೆದ ಸಂಗತಿಯನ್ನು ಮೊದಲು ಸಂಕ್ಷೇಪವಾಗಿ ಹೇಳುವೆವು. 1984ನೆಯ ಇಸವಿ ಡಿಸೆಂಬರ್ 2ನೆಯ ತಾರೀಖಿನ ರಾತ್ರಿ, ಮಧ್ಯಪ್ರದೇಶದ ರಾಜಧಾನಿಯಾದ ಭೋಪಾಲದಲ್ಲಿ, ಯೂನಿಯನ್ ಕಾರ್ಬೈಡ್ ಕಂಪೆನಿಯವರ ಕೀಟನಾಶಕದ ಕಾರಖಾನೆಯಲ್ಲಿ 610ನೆಯ ನಂಬರಿನ ತೊಟ್ಟಿಯೊಳಕ್ಕೆ ನೀರು ಸೇರಿತು. ಆ ತೊಟ್ಟಿಯಲ್ಲಿ ಮೀಥೈಲ್ ಐಸೊಸಯನೇಟ್ ಎಂಬ ಘೋರ ವಿಷದ್ರವವಿತ್ತು. ನೀರಿನ ಸಂಪರ್ಕದಿಂದ ಅದು ಕಾದು ಕುದಿದು, ಸುಮಾರು 40 ಟನ್ನುಗಳಷ್ಟು ಆವಿಯಾಗಿ ಹೊರಬಿದ್ದಿತು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಮೇಲಕ್ಕೇರದೆ ನೆಲವನ್ನು ಹಿಡಿದೇ ಹರಿಯಿತು. ಕಾರಖಾನೆಯ ಎದುರಿಗಿದ್ದ ಜಯಪ್ರಕಾಶ ನಗರ, ಕಾಜಿ ಕ್ಯಾಂಪ್ ಮೊದಲಾದ ಕೇರಿಗಳ ಗುಡಿಸಲುಗಳಲ್ಲಿ ಮಲಗಿದ್ದ ಕೂಲಿಕಾರರೂ ಅವರ ಮಕ್ಕಳೂ ಅದಕ್ಕೆ ಮೊದಲು ತುತ್ತಾದರು. ವಿಷಗಾಳಿಯನ್ನು ಸೇವಿಸಿದವರು 5 ಲಕ್ಷಕ್ಕೂ ಮೇಲ್ಪಟ್ಟವರು. ಸತ್ತವರ ಲೆಕ್ಕದಲ್ಲಿ ಇಂದಿಗೂ ಒಮ್ಮತವಿಲ್ಲ: ಸರಕಾರದವರು ಮೊದಲು ಹೇಳಿದ ಸಂಖ್ಯೆ 2,259, ತರುವಾಯ 5,000ಕ್ಕಿಂತ ಹೆಚ್ಚು ಸಾವುಗಳಿಗೆ ಪರಿಹಾರವನ್ನು ಕೊಟ್ಟರು, ಬದುಕಿ ಉಳಿದವರ ಸಂಘಗಳಾದರೋ, ಮುಂದಿನ ವರ್ಷಗಳಲ್ಲಿ ರೋಗದಿಂದ ಸತ್ತವರನ್ನೂ ಸೇರಿಸಿ, ಅದಕ್ಕೆ ಎಷ್ಟೋ ಪಾಲು ಹೆಚ್ಚಿನ ಸಂಖ್ಯೆಯನ್ನು ಹೇಳುತ್ತಾ ಬಂದಿವೆ.

ಇದು ಬರಿಯ ದೈವಗತಿಯಲ್ಲ. ತೊಟ್ಟಿಯನ್ನು ತಣ್ಣಗಿಡಬೇಕಾದ ಯಂತ್ರವನ್ನು ಖರ್ಚು ಉಳಿಸುವುದಕ್ಕಾಗಿ ತಿಂಗಳುಗಳ ಮೊದಲೇ ನಿಲ್ಲಿಸಲಾಗಿತ್ತು. ಹೊರಬೀಳುವ ಅನಿಲವನ್ನು ಸುಟ್ಟುಬಿಡತಕ್ಕ ಗೋಪುರವು ಕೆಲಸಕ್ಕೆ ಬರುವಂತಿರಲಿಲ್ಲ. ರಾಜಕುಮಾರ ಕೇಸ್ವಾನಿ ಎಂಬ ಪತ್ರಿಕಾಕರ್ತರು 1982ರಲ್ಲಿಯೇ ಈ ಅಪಾಯವನ್ನು ಕುರಿತು ತಮ್ಮ ವಾರಪತ್ರಿಕೆಯಲ್ಲಿ ಎಚ್ಚರಿಕೆಯನ್ನು ಬರೆದಿದ್ದರು, ಕೇಳಿದವರಿಲ್ಲ. ಇವೆಲ್ಲಕ್ಕಿಂತ ಮನಸ್ಸನ್ನು ನೋಯಿಸುವ ಸಂಗತಿ ಯಾವುದೆಂದರೆ, ಒದ್ದೆಯ ಬಟ್ಟೆಯಿಂದ ಮುಖವನ್ನು ಮುಚ್ಚಿಕೊಂಡರೆ ವಿಷದ ಬಾಧೆಯು ಕಡಿಮೆಯಾಗುವುದೆಂಬ ಅತಿ ಸುಲಭವಾದ ಮಾತನ್ನು ಆ ಕೇರಿಗಳವರಿಗೆ ಯಾರೂ ತಿಳಿಸಿರಲಿಲ್ಲ. ಒಂದು ಸೆರಗು, ಒಂದು ಚೆಂಬು ನೀರು ಯಾವ ಬಡವಳ ಗುಡಿಸಲಿನಲ್ಲಿ ಇರುವುದಿಲ್ಲ? ತಿಳಿವಳಿಕೆಯೊಂದೇ ಇರಲಿಲ್ಲ. ವಿದ್ಯೆಯನ್ನು ಕಲಿಸುವುದೇ ಕಸುಬಾಗಿರುವ ನಮಗೆ ಇದಕ್ಕಿಂತ ದೊಡ್ಡ ಅನ್ಯಾಯವು ತೋರುವುದಿಲ್ಲ.

ಎಲ್ಲರಿಗೂ ಒಂದೇ ದುಃಖ ಬಂದರೆ ಎಲ್ಲರೂ ತಾವಾಗಿಯೇ ಒಂದಾಗುವರೆಂದು ಅನೇಕರು ತಿಳಿದಿರುತ್ತಾರೆ. ಅದು ಹಾಗಲ್ಲ. ಪರಿಹಾರವು ಒಬ್ಬೊಬ್ಬರ ಹೆಸರಿನಲ್ಲಿ ಬರತಕ್ಕದ್ದಾದುದರಿಂದ ಪ್ರತಿಯೊಬ್ಬರೂ ತಮ್ಮ ರೋಗವನ್ನು ಕಾಗದಪತ್ರಗಳಿಂದ ಬೇರೆ ಬೇರೆಯಾಗಿ ರುಜುವಾತುಪಡಿಸಬೇಕಾಯಿತು. ನೆರೆಮನೆಯವಳಿಗೆ ದೊರೆತದ್ದು ತನಗೆ ದೊರೆಯಲಿಲ್ಲವೆಂಬ ಕಹಿಯು ಹುಟ್ಟುವುದಕ್ಕೆ ಇಷ್ಟೇ ಸಾಕು. ಅನ್ಯಾಯವು ದುಃಖಿತರನ್ನು ಹೀಗೆ ಬಿಡಿಬಿಡಿಯಾಗಿ ಮಾಡುವುದು. ಆ ಬಿಡಿ ಎಳೆಗಳನ್ನು ಮತ್ತೆ ಹೊಸೆದು ಹಗ್ಗ ಮಾಡಬೇಕಾದರೆ ಕೈಕೆಲಸವೇ ಬೇಕು.

ಭೋಪಾಲದಲ್ಲಿ ಅದು ನಿಜವಾಗಿಯೂ ಕೈಕೆಲಸದಿಂದಲೇ ಆರಂಭವಾಯಿತು. ವಿಷಾನಿಲದಿಂದ ಗಂಡಸರು ದುಡಿಯಲಾರದೆ ಹೋದ ಮನೆಗಳ ಸ್ತ್ರೀಯರಿಗಾಗಿ ಸರಕಾರದವರು ಹೊಲಿಗೆ, ಕಾಗದದ ಸಾಮಾನುಗಳ ತಯಾರಿಕೆ ಮೊದಲಾದ ಕೆಲಸದ ಕೇಂದ್ರಗಳನ್ನು ತೆರೆದರು. ಅದುವರೆಗೆ ಹೊಸ್ತಿಲು ದಾಟದೆ ಪರದೆಯೊಳಗೆ ಇದ್ದವರೂ, ಅಕ್ಷರವರಿಯದವರೂ ಅಲ್ಲಿ ಪಕ್ಕಪಕ್ಕದಲ್ಲಿ ಕುಳಿತರು. ಹೊಲಿಗೆಯ ಕೇಂದ್ರವನ್ನು ಮುಚ್ಚುವ ಸಂದರ್ಭ ಬಂದಾಗ ಆ ಸ್ತ್ರೀಯರು ಎದ್ದು ನಿಂತರು. ಅಬ್ದುಲ್ ಜಬ್ಬಾರರು ಅವರಿಗೆ ಬೆಂಬಲವಾದರು. ಹೀಗೆ 1986ರಲ್ಲಿ ಅನಿಲಪೀಡಿತ ಮಹಿಳೆಯರ ಉದ್ಯೋಗ ಸಂಘಟನೆಯು ಹುಟ್ಟಿತು. ತಮಗೆ ಬೇಕಾದದ್ದು ಭಿಕ್ಷೆಯಲ್ಲ, ಕೆಲಸ ಎಂಬುದೇ ಅವರ ಕೂಗು. ಅದೇ ಕಾಲದಲ್ಲಿ ಕಾಗದದ ಸಾಮಾನುಗಳ ಕೇಂದ್ರದಲ್ಲಿ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಎಂಬಿಬ್ಬರು ಭೇಟಿಯಾದರು. ಒಬ್ಬರು ಮುಸಲ್ಮಾನರು, ಇನ್ನೊಬ್ಬರು ಹಿಂದುಗಳು; ಇಬ್ಬರೂ ಮನೆಮಂದಿಯಲ್ಲಿ ಹಲವರನ್ನು ಕಳೆದುಕೊಂಡವರು. ನ್ಯಾಯವಾದ ಸಂಬಳಕ್ಕಾಗಿ ಇವರು ತಮ್ಮೊಡನೆ ದುಡಿಯುವವರ ಸಂಘವನ್ನು ಕಟ್ಟಿದರು. 1989ರಲ್ಲಿ ಆ ಸ್ತ್ರೀಯರು ಭೋಪಾಲದಿಂದ ದೆಹಲಿಯವರೆಗೆ ಸುಮಾರು 750 ಕಿಲೋಮೀಟರು ದೂರವನ್ನು ಕಾಲ್ನಡಿಗೆಯಿಂದಲೇ ಕ್ರಮಿಸಿದರು.

ಜಬ್ಬಾರರ ಸಂಘಟನೆಯವರು ಪ್ರತಿ ಶನಿವಾರ ಯಾದಗಾರ್-ಎ-ಶಾಹಜಹಾನಿ ಎಂಬ ಉದ್ಯಾನದಲ್ಲಿ ಸಭೆ ಸೇರುವ ನೇಮವನ್ನು ಇಟ್ಟುಕೊಂಡರು. ಕೋರ್ಟಿನಲ್ಲಿ ಏನು ನಡೆಯಿತೆಂಬುದನ್ನು ಅಲ್ಲಿ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ವಿವರಿಸಲಾಗುತ್ತಿತ್ತು. ಆ ನೇಮವು ವರ್ಷಗಟ್ಟಲೆ ತಪ್ಪಲಿಲ್ಲ. 2019ರಲ್ಲಿ ಜಬ್ಬಾರರು ತೀರಿಕೊಳ್ಳುವ ತನಕವೂ ಅವರು ಈ ಸ್ತ್ರೀಯರ ಜತೆಗೇ ಇದ್ದರು. ದುಃಖಿಸುವವರಿಗೆ ವಾರದಲ್ಲಿ ಒಂದು ಗೊತ್ತಾದ ದಿನ, ಒಂದು ಗೊತ್ತಾದ ಮರದ ನೆರಳು ಇದೆಯೆಂಬುದೇ ಒಂದು ಔಷಧವೆಂದು ನಾವು ಎಣಿಸುವೆವು.

ಇದರಿಂದ ಫಲವೇನಾಯಿತೆಂದು ವಾಚಕರು ಕೇಳಬಹುದು. 1989ರ ಫೆಬ್ರವರಿಯಲ್ಲಿ ಸರಕಾರಕ್ಕೂ ಕಂಪೆನಿಗೂ 47 ಕೋಟಿ ಡಾಲರುಗಳ ರಾಜಿಯಾಯಿತು. ಮೊದಲು ಕೇಳಿದ್ದು 330 ಕೋಟಿ. ಆ ರಾಜಿಯಲ್ಲಿ ಕ್ರಿಮಿನಲ್ ಮೊಕದ್ದಮೆಗಳನ್ನೂ ಕೈಬಿಡಲಾಗಿತ್ತು. ಪೀಡಿತರ ಸಂಘಗಳು ಇದನ್ನು ಪ್ರತಿಭಟಿಸಿ ಮರುಪರಿಶೀಲನೆಯನ್ನು ಕೇಳಿದ್ದರಿಂದ 1991ರಲ್ಲಿ ಸುಪ್ರೀಂ ಕೋರ್ಟು, ಮೊಬಲಗನ್ನು ಹೆಚ್ಚಿಸದೆ ಹೋದರೂ, ಆ ಮೊಕದ್ದಮೆಗಳನ್ನು ಪುನಃ ಊರ್ಜಿತಗೊಳಿಸಿತು. ಆದರೂ ತೀರ್ಪು ಬರುವುದಕ್ಕೆ 2010ರ ವರೆಗೆ ಕಾಯಬೇಕಾಯಿತು. ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ವಿಧಿಸಿದ ಸೆರೆವಾಸವು ಎರಡು ವರ್ಷ. ಕಂಪೆನಿಯ ಅಧ್ಯಕ್ಷರಾಗಿದ್ದ ವಾರನ್ ಆಂಡರ್ಸನ್ ವಿಚಾರಣೆಗೆ ಬಾರದೆಯೇ 2014ರಲ್ಲಿ ಅಮೇರಿಕದಲ್ಲಿ ತೀರಿಕೊಂಡರು. ಹೆಚ್ಚಿನ ಪರಿಹಾರವನ್ನು ಕೇಳಿದ ಸರಕಾರದ ಅರ್ಜಿಯನ್ನು 2023ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಕಾರಖಾನೆಯಲ್ಲಿ ಉಳಿದಿದ್ದ ವಿಷಕಸದಲ್ಲಿ ಸುಮಾರು 337 ಟನ್ನುಗಳನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ, ಎಂದರೆ 40 ವರ್ಷಗಳ ಮೇಲೆ. ಈ ನಡುವೆ ಸಂಘಗಳೂ ಹಲವಾದವು, ಅವುಗಳೊಳಗೆ ಅಭಿಪ್ರಾಯಭೇದಗಳೂ ಉಂಟಾದವು. ಇದನ್ನು ಜಯದ ಕಥೆಯೆಂದು ನಾವು ಹೇಳಲಾರೆವು.

ಆದರೂ ಇವರಿಂದ ಕಲಿಯತಕ್ಕದ್ದು ಒಂದುಂಟು. ನ್ಯಾಯವು ದೊರೆಯುವ ತನಕ ಆರೈಕೆಯನ್ನು ಇವರು ತಡೆದಿಡಲಿಲ್ಲ. ಆರೈಕೆಯಲ್ಲಿ ತೊಡಗಿದೆವೆಂದು ನ್ಯಾಯವನ್ನು ಮರೆಯಲೂ ಇಲ್ಲ. 1996ರಲ್ಲಿ ಪೀಡಿತರಿಗಾಗಿ ‘ಸಂಭಾವನಾ’ ಎಂಬ ಧರ್ಮಾರ್ಥ ಚಿಕಿತ್ಸಾಲಯವು ತೆರೆಯಿತು. ಕನ್ನಡದಲ್ಲಿ ಸಂಭಾವನೆಯೆಂದರೆ ಗೌರವಧನ. ಹಿಂದಿಯಲ್ಲಿ ಆ ಶಬ್ದಕ್ಕೆ ಸಾಧ್ಯತೆಯೆಂದು ಅರ್ಥ. ಸಾಮಾನ್ಯ ಜನರು ಕಳುಹಿಸುವ ದಾನಗಳ ಆಧಾರದಿಂದ ನಡೆದು ಬಂದ ಈ ಚಿಕಿತ್ಸಾಲಯದಲ್ಲಿ ಇಂಗ್ಲಿಷ್ ವೈದ್ಯದೊಡನೆ ಆಯುರ್ವೇದವೂ ಯೋಗವೂ ಸೇರಿದವು. ರಶೀದಾ ಬೀ ಮತ್ತು ಚಂಪಾದೇವಿಯವರಿಗೆ 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯು ದೊರೆತಾಗ ಅವರು ಆ ಹಣವನ್ನು ಮನೆಗೆ ಒಯ್ಯದೆ ‘ಚಿಂಗಾರಿ’ ಎಂಬ ಟ್ರಸ್ಟನ್ನು ಸ್ಥಾಪಿಸಿದರು. ಚಿಂಗಾರಿಯೆಂದರೆ ಕಿಡಿ. ಪೀಡಿತರ ಕುಟುಂಬಗಳಲ್ಲಿ ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳಿಗೆ ನಡೆಯುವುದನ್ನೂ ಮಾತಾಡುವುದನ್ನೂ ಅಲ್ಲಿ ಕಲಿಸತೊಡಗಿದರು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂದು ತಾಯಂದಿರಾಗಿ, ಉಪಾಧ್ಯಾಯಿನಿಯರಾಗಿ, ದಾದಿಯರಾಗಿ ಅನೇಕ ಊರುಗಳಲ್ಲಿದ್ದೀರಿ. ಬೆಂಕಿ, ನೆರೆ, ಸಾಂಕ್ರಾಮಿಕ ರೋಗ, ಕಾರಖಾನೆಯ ಅಪಘಾತ ಇವು ಯಾವ ಊರಿಗೂ ಬರಬಹುದು. ಹಾಗೆ ಬಂದ ಸಮಯದಲ್ಲಿ ಮೊದಲ ದಿನದ ಕಣ್ಣೀರಿಗೂ ಅನ್ನಕ್ಕೂ ಜನರು ಕೂಡುವರು. ಮೂರನೆಯ ತಿಂಗಳಿನಲ್ಲಿ ಕೂಡುವವರು ಕಡಿಮೆ. ಆದಕಾರಣ ನಾವು ಕೇಳಿಕೊಳ್ಳುವುದಿಷ್ಟೆ: ಸೇರುವುದಕ್ಕೆ ಒಂದು ದಿನವನ್ನು ಗೊತ್ತುಮಾಡಿರಿ. ಅಕ್ಷರವರಿಯದ ನೆರೆಯವಳ ಅರ್ಜಿಯನ್ನು ಬರೆದುಕೊಡಿರಿ, ಅವಳ ಚೀಟಿ ರಸೀದಿಗಳನ್ನು ಜೋಪಾನ ಮಾಡಲು ಕಲಿಸಿರಿ. ನಿಮ್ಮ ಊರಿನ ಕಾರಖಾನೆಯಲ್ಲಿ ಏನನ್ನು ತಯಾರಿಸುವರು, ಅದರಿಂದ ಅಪಾಯವೇನು ಎಂದು ಕೇಳಿ ತಿಳಿದು, ಮನೆಯ ಮಕ್ಕಳಿಗೂ ಹೇಳಿರಿ. ಜಾತಿ ಮತಗಳ ಗೋಡೆಯನ್ನು ಮಾತಿನಿಂದ ಕೆಡಹುವುದು ಕಷ್ಟ. ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಕೆಲಸವನ್ನು ಮಾಡಿದರೆ ಅದು ತಾನಾಗಿ ಸಡಿಲುವುದು.

ತಾಯಿತಂದೆಗಳಿಗೂ ಒಂದು ಮಾತು. ಹೆಣ್ಣುಮಕ್ಕಳಿಗೆ ಹೊಲಿಗೆ, ಲೆಕ್ಕ, ಕಾಗದ ಬರೆಯುವುದು, ಸಭೆಯಲ್ಲಿ ನಿಂತು ನಾಲ್ಕು ಮಾತನಾಡುವುದು ಇವುಗಳಿಂದ ಪ್ರಯೋಜನವೇನೆಂದು ನೀವು ಕೆಲವು ವೇಳೆ ನಮ್ಮನ್ನು ಕೇಳುವಿರಿ. ಭೋಪಾಲದ ಸ್ತ್ರೀಯರಲ್ಲಿ ಅನೇಕರು ಇವುಗಳನ್ನು ದುಃಖದ ನಡುವೆ, ಕೆಮ್ಮುತ್ತಾ, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕಲಿಯಬೇಕಾಯಿತು. ನಿಮ್ಮ ಮಗಳು ಅವುಗಳನ್ನು ನೆಮ್ಮದಿಯ ದಿನಗಳಲ್ಲಿ ಕಲಿತಿರಲಿ. ಅವು ಅವಳಿಗೆ ಬೇಕಾಗದೆ ಹೋದರೂ ಅವಳ ನೆರೆಯವಳಿಗೆ ಬೇಕಾಗುವ ದಿನ ಬರಬಹುದು.