ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಹಳ್ಳಿಖೇಡ (ಬಿ)ಯಿಂದ ಉತ್ತರಕ್ಕೆ ಸಾಗಿದರೆ ಭಾಲ್ಕಿ ಪಟ್ಟಣ. ನಿಜಾಮರ ಆಳ್ವಿಕೆಯಲ್ಲಿ ಅಲ್ಲಿನ ಹಿರೇಮಠದ ಶಾಲೆಯ ಮುಂದೆ ಉರ್ದು ಫಲಕವೊಂದು ತೂಗುತ್ತಿದ್ದಿತು. ಒಳಗಿನ ಮಕ್ಕಳು ತಿದ್ದುತ್ತಿದ್ದುದು ಮಾತ್ರ ಕನ್ನಡದ ಅಕ್ಷರಗಳನ್ನು!

ಈ ಉಪಾಯವನ್ನು ಹೂಡಿದವರು ಮಠಾಧಿಪತಿ ಚನ್ನಬಸವ ಪಟ್ಟದ್ದೇವರು. ಕಮಲನಗರದಲ್ಲಿ ಜನಿಸಿದವರು. ಆಗ ಆ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯ ಮಾತನ್ನು ಬರೆಯಲರಿಯದ ಪೀಳಿಗೆಯೊಂದು ಬೆಳೆಯುವ ಭಯ ಎದುರಿಗಿದ್ದಿತು. ಪಟ್ಟದ್ದೇವರು ಅಧಿಕಾರದೊಡನೆ ಜಗಳಕ್ಕೆ ನಿಲ್ಲಲಿಲ್ಲ. ಫಲಕವನ್ನು ಅದಕ್ಕೆ ಒಪ್ಪಿಸಿದರು, ಮಕ್ಕಳನ್ನು ಕನ್ನಡಕ್ಕೆ ಉಳಿಸಿಕೊಂಡರು.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಕೊನೆಗೊಂಡಿತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಗಡಿನಾಡು ಕನ್ನಡನಾಡಿಗೆ ಬಂದಾಗ ಕನ್ನಡ ಓದಬಲ್ಲವರು ಅಲ್ಲಿ ಸಿದ್ಧರಾಗಿದ್ದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪದ ನಿರ್ಮಾಣಕ್ಕೂ ಅವರು ಮುಂದಾಳಾದರು.

ನೂರು ವರ್ಷ ದಾಟಿದ ಆ ಜೀವ ೧೯೯೯ರಲ್ಲಿ ಲಿಂಗೈಕ್ಯವಾಯಿತು. ಭಾಲ್ಕಿಯ ಹಿರೇಮಠವನ್ನು ಜನರು ಇಂದಿಗೂ ‘ಕನ್ನಡ ಮಠ’ವೆಂದೇ ಕರೆಯುತ್ತಾರೆ. ಆ ಹೆಸರಿಗೆ ಫಲಕದ ಅಗತ್ಯವೇ ಇಲ್ಲ.