ಅಕ್ಷರವೂ ಅದರ ಆಕೃತಿಯೂ

ದೆಹಲಿಯ ರೋಹಿಣಿಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರ ಬಳಿ, 20 ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ಲೇಖನವೊಂದರ ಗಣಕ ಕಡತವಿದೆಯೆಂದು ಭಾವಿಸೋಣ. ಈಗ ಅದನ್ನು ತೆರೆದರೆ ‘ಕ’ಕಾರವಿರಬೇಕಾದೆಡೆಯಲ್ಲಿ ರೋಮನ್ ಲಿಪಿಯ ದೊಡ್ಡ ‘ಪಿ’ಯೂ ಅದರ ಮಗ್ಗುಲಲ್ಲಿ ನೆತ್ತಿಯ ಮೇಲೆ ಗೀಟುಳ್ಳ ‘ಎ’ಯೂ ಕಾಣಬಹುದು. ಕಡತ ಕೆಟ್ಟಿಲ್ಲ, ಕನ್ನಡ ಮಾತ್ರ ಮರೆಯಾಗಿದೆ. ಇದರ ಕಾರಣವನ್ನರಿಯಬೇಕಾದರೆ, ಅಕ್ಷರವೇ ಬೇರೆ, ಅದರ ಆಕೃತಿಯೇ ಬೇರೆ ಎಂಬ ಭೇದವನ್ನು ಮೊದಲು ಮನಗಾಣಬೇಕು.

ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಾಲಕ್ಕೆ ಅಕ್ಷರದ ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಸೀಸದ ಮೊಳೆಗಳು ಬೇಕಾಗಿದ್ದವು. ಚುಕ್ಕೆಗಳಿಂದ ಅಕ್ಷರ ಮೂಡಿಸುತ್ತಿದ್ದ ಮೊದಲ ಗಣಕಗಳಿಗೂ ಇದೇ ತೊಡಕು. 1984ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಪದ್ಧತಿಯಲ್ಲಿ ಅಕ್ಷರದ ಹೊರಗೆರೆಯನ್ನು ಬಿಂದುಗಳಿಂದಲೂ ವಕ್ರರೇಖೆಗಳಿಂದಲೂ ಗಣಿತರೂಪದಲ್ಲಿ ನಿರ್ದೇಶಿಸಲಾಯಿತು. ಆ ಸಂಖ್ಯೆಗಳನ್ನು ಗುಣಿಸಿದರೆ ಸಾಕು, ಒಂದೇ ಆಕೃತಿ ಬೇಕಾದ ಗಾತ್ರಕ್ಕೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. 1991ರಲ್ಲಿ ಆಪಲ್ ಸಂಸ್ಥೆಯ ಟ್ರೂಟೈಪ್ ಇನ್ನೂ ಸರಳವಾದ ವಕ್ರರೇಖೆಗಳಿಂದ ಇದನ್ನೇ ಸಾಧಿಸಿತು.

ಗಾತ್ರದ ಸಮಸ್ಯೆ ಹೀಗೆ ಬಗೆಹರಿದರೂ ಕನ್ನಡದ ಸಮಸ್ಯೆ ಉಳಿಯಿತು. ಅಂದಿನ ಫಾಂಟಿನಲ್ಲಿದ್ದುದು ಹೆಚ್ಚೆಂದರೆ 256 ಮನೆಗಳು; ಗುಣಿತಾಕ್ಷರ, ಒತ್ತಕ್ಷರಗಳೆಲ್ಲವೂ ಅಲ್ಲಿ ಹಿಡಿಸುವಂತಿರಲಿಲ್ಲ. ಆದಕಾರಣ ಅಕ್ಷರಗಳನ್ನು ತುಂಡುಗಳಾಗಿ ಒಡೆದು, ರೋಮನ್ ಅಕ್ಷರಗಳ ಮನೆಗಳಲ್ಲಿ ಇರಿಸಲಾಯಿತು. 1998ರಲ್ಲಿ ಬಂದ ‘ಬರಹ’, ಅನಂತರದ ‘ನುಡಿ’ ತಂತ್ರಾಂಶಗಳು ಈ ಮಾರ್ಗದಿಂದಲೇ ಕನ್ನಡವನ್ನು ಮನೆಮನೆಗೆ ಮುಟ್ಟಿಸಿದವು; ಆ ಉಪಕಾರ ಸಣ್ಣದಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದಿಂದಾಗಿ ಬರೆಯುವವರು ಧ್ವನಿಕ್ರಮದಲ್ಲಿಯೇ ಬರೆದರು. ಕಡತದಲ್ಲಿ ಉಳಿದುದು ಮಾತ್ರ ಆಕೃತಿಯ ತುಂಡುಗಳ ಸಂಖ್ಯೆ. ಆ ಫಾಂಟು ಇಲ್ಲದ ಗಣಕಕ್ಕೆ ಅವು ರೋಮನ್ ಅಕ್ಷರಗಳೇ ಸರಿ.

1991ರ ಯೂನಿಕೋಡ್ ಕನ್ನಡಕ್ಕೆ 128 ಸ್ವಂತ ಸ್ಥಾನಗಳನ್ನು ಕೊಟ್ಟಿತು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಕೂಡಿ ಘೋಷಿಸಿದ ಓಪನ್‌ಟೈಪ್, ಆಕೃತಿಗಳನ್ನು ಹೊಂದಿಸುವ ನಿಯಮಗಳನ್ನು ಫಾಂಟಿನೊಳಗೇ ಅಳವಡಿಸಲು ಅನುವುಮಾಡಿತು. ‘ಕರ್ನಾಟಕ’ ಎಂಬ ಪದವನ್ನೇ ನೋಡಬಹುದು. ಕಡತದಲ್ಲಿ ಕ, ರ, ಹಲಂತಚಿಹ್ನೆ, ನ, ದೀರ್ಘಚಿಹ್ನೆ, ಟ, ಕ ಎಂಬ ಏಳು ಸಂಕೇತಗಳು ಉಚ್ಚಾರಣೆಯ ಕ್ರಮದಲ್ಲಿರುತ್ತವೆ. ರೇಫವನ್ನು ಅರ್ಕಾವೊತ್ತಾಗಿಸಿ ‘ನಾ’ಕಾರದ ಮುಂದೆ ನಿಲ್ಲಿಸುವ ಕೆಲಸ ಫಾಂಟಿನದು ಮತ್ತು ಗಣಕದ ಜೋಡಣಾತಂತ್ರದ್ದು. ಫಾಂಟು ಬದಲಾದರೆ ಚೆಲುವು ಬದಲಾದೀತು, ಪದ ಅಳಿಯದು.

ಹೊರನಾಡಿನ ಕನ್ನಡಿಗರಿಗೆ ಇದು ಕೇವಲ ತಂತ್ರವಿಚಾರವಲ್ಲ. ಆ ವರ್ಷಗಳ ಸ್ಮರಣಸಂಚಿಕೆಗಳೂ ಸಭೆಯ ನಡವಳಿಗಳೂ ಹಳೆಯ ಸಂಕೇತಗಳಲ್ಲಿಯೇ ಉಳಿದಿದ್ದರೆ, ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ಲಭ್ಯವಾಗಿವೆ. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಸ್ಥಾನ ತಪ್ಪಬಹುದಾದುದರಿಂದ ಕನ್ನಡ ಬಲ್ಲವರ ಕಣ್ಣು ಅವಶ್ಯಕ. ಬರೆದವರೂ, ಬರೆದ ಫಾಂಟು ಯಾವುದೆಂದು ಬಲ್ಲವರೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನೆರವೇರುವುದು ಲೇಸು.