ಟಾಪಿಲ್ಲದ ಕಾರು, ಮಳೆಯಿಲ್ಲದ ಊರು

ಒಂದು ಭಾನುವಾರ ಹೊಳಲ್ಕೆರೆಯಲ್ಲಿ ಕಾರು ನಿಲ್ಲಿಸಿದ್ದೆ. ಸೊಪ್ಪು ಮಾರುವ ಅಜ್ಜಿಯೊಬ್ಬರು ಬಂದು, ಕಾರಿಗೆ ಒಂದು ಸುತ್ತು ಹಾಕಿ, “ಟಾಪ್ ಹಾಕ್ಸೋಕೆ ದುಡ್ಡು ಸಾಲ್ಲಿಲ್ವೇನಪ್ಪಾ?” ಎಂದು ಮರುಕದಿಂದ ಕೇಳಿದರು. ಪಕ್ಕದಲ್ಲಿದ್ದ ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು.

“ಇದು ಇರೋದೇ ಹೀಗಮ್ಮ. ನಿಮ್ಮೂರ ಬಯಲು ಗಣಪನಿಗೂ ಸೂರಿಲ್ವಲ್ಲ” ಎಂದೆ.

“ಅವನು ದೇವ್ರು, ನೆನೀತಾನೆ. ನೀನು ನೆಂದ್ರೆ ಜ್ವರ ಬರುತ್ತೆ” ಎಂದರು ಅಜ್ಜಿ.

ಮಕ್ಕಳೇ, ಆ ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ರೈಲು ಎಂಜಿನ್ ತಯಾರಿಸುವ ಬೆಂಗಳೂರಿನ ಸ್ಯಾನ್ ಸಂಸ್ಥೆಯ ಬಳಗದವರು 1998ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಕಾರು ತಯಾರಾಗುತ್ತಿದ್ದುದು ಗೋವಾದಲ್ಲಿ. ಎರಡೇ ಬಾಗಿಲು, ಎರಡೇ ಸೀಟು. ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು. ಆದ್ದರಿಂದ ಮೈಗೆ ತುಕ್ಕು ಹಿಡಿಯುವುದಿಲ್ಲ, ಪೆಟ್ಟು ಬಿದ್ದರೆ ಮಾತ್ರ ಬಿರುಕು ಬಿಡುತ್ತದೆ. ಒಳಗಿರುವುದು ಫ್ರಾನ್ಸಿನ ರೆನೋ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ನೋಡಲು ರೇಸ್ ಕಾರಿನ ಹಾಗಿದ್ದರೂ ಇಂದಿನ ಸಾಮಾನ್ಯ ಕಾರುಗಳು ಇದನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ನನ್ನ ವಯಸ್ಸಿಗೆ ಅಷ್ಟು ಸಾಕು.

ನಾನು ಇದನ್ನು 2018ರಲ್ಲಿ ಕೊಂಡಾಗ ಕಾರಿಗೆ ಹದಿನೈದು ವರ್ಷ ತುಂಬಿತ್ತು. “ನಿವೃತ್ತಿಯಾದ ಮೇಲೆ ಇದೇನು ಹುಚ್ಚು?” ಎಂದಳು ಮನೆಯಾಕೆ. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಸವಕಳಿ ಎಂದರೇನೆಂದು ಅವಳಿಗೆ ವಿವರಿಸಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಾರಿನ ಬೆಲೆ ವರ್ಷಕ್ಕೆ ಶೇ. 15ರಂತೆ ಇಳಿಯುತ್ತದೆ. ನೂರು ರೂಪಾಯಿಯ ಕಾರು ಮೊದಲ ವರ್ಷ 85 ರೂಪಾಯಿ, ಎರಡನೇ ವರ್ಷ 72 ರೂಪಾಯಿ 25 ಪೈಸೆ, ಹದಿನೈದನೇ ವರ್ಷಕ್ಕೆ ಒಂಬತ್ತು ರೂಪಾಯಿಗೂ ಕಡಿಮೆ. ಎಷ್ಟು ವರ್ಷ ಇಳಿಸಿದರೂ ಸೊನ್ನೆ ಮಾತ್ರ ಆಗುವುದಿಲ್ಲ. ಬೇಕಾದರೆ ಕಾಗದದ ಮೇಲೆ ಮಾಡಿ ನೋಡಿ. ಮನೆಯಾಕೆ ಲೆಕ್ಕ ಒಪ್ಪಿದಳು, ಕಾರನ್ನು ಒಪ್ಪಲಿಲ್ಲ.

ಹದಿನೈದು ವರ್ಷ ತುಂಬಿದ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ಬ್ರೇಕು, ದೀಪ, ಹೊಗೆ ಎಲ್ಲ ತೋರಿಸಬೇಕು. ಪಾಸಾದರೆ ಐದು ವರ್ಷಕ್ಕೆ ನೋಂದಣಿ ಮುಂದುವರಿಯುತ್ತದೆ. ನನ್ನ ವಯಸ್ಸಿನವರ ಲೈಸೆನ್ಸೂ ವೈದ್ಯರ ಪ್ರಮಾಣಪತ್ರ ಕೊಟ್ಟರೆ ಐದೈದು ವರ್ಷಕ್ಕೇ ಸಿಗುವುದು. ಹೀಗಾಗಿ ಕಾರಿಗೂ ಐದು ವರ್ಷ, ನನಗೂ ಐದು ವರ್ಷ!

ಈ ಕಾರಿಗೆ ಬಟ್ಟೆಯ ಟಾಪ್ ಒಂದಿದೆ. ಅದನ್ನು ಕೈಯಲ್ಲೇ ಎಳೆದು ಮುಚ್ಚಬೇಕು. ಹಳೆಯ ಬಟ್ಟೆ ಹೊಲಿಗೆ ಬಿಟ್ಟು ಸೋರುತ್ತಿತ್ತು. ಚಿತ್ರದುರ್ಗದಲ್ಲಿ ಆಟೊಗಳಿಗೆ ಹುಡ್ ಹೊಲಿಯುವವರೊಬ್ಬರು ಅಳತೆ ತೆಗೆದು ಹೊಸದನ್ನು ಹೊಲಿದುಕೊಟ್ಟರು. ಆದರೂ ಗುಡುಗು ಕೇಳಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮೋಡವಿಲ್ಲದ ಆಕಾಶ ಕಂಡರೆ ಖುಷಿ. ಬೆಳಿಗ್ಗೆ ಆರಕ್ಕೆ ಹೊರಟರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ತಲೆಯ ಮೇಲೇ ತಿರುಗಿದ ಹಾಗೆ ಕಾಣುತ್ತವೆ. ಬಿಸಿಲೇರುವ ಮೊದಲು ಮನೆ ಸೇರಿಬಿಡುತ್ತಿದ್ದೆ.

ಒಮ್ಮೆ ಹೊಸದುರ್ಗ ತಾಲ್ಲೂಕಿನ ನಮ್ಮ ಹಳ್ಳಿಗೆ ಅಣ್ಣನನ್ನು ನೋಡಲು ಹೋದೆ. ಅವನು ರಾಗಿ, ಸಾವೆ, ತೆಂಗು ನಂಬಿದ ರೈತ. ಜಗಲಿಯ ಮೇಲೆ ಕೂರುತ್ತಾ, “ಇವತ್ತೂ ಮೋಡ ಇಲ್ಲ, ಒಳ್ಳೇದಾಯ್ತು ಕಣಣ್ಣ” ಎಂದುಬಿಟ್ಟೆ. ಅಣ್ಣ ಮಾತಾಡಲಿಲ್ಲ. ತೋಟದ ಕಡೆ ನೋಡಿದ. ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರು ಹಾಕಿಸಿಯೂ ಸುಳಿ ಬಿದ್ದ ತೆಂಗಿನ ಮರಗಳು ಅಲ್ಲಿ ನಿಂತಿದ್ದವು. ಅತ್ತಿಗೆ ಕಾಫಿ ತಂದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಬಂತು 2022. ಆ ವರ್ಷ ಮಳೆಯೋ ಮಳೆ. ಕಾರು ವಾರಗಟ್ಟಲೆ ಶೆಡ್ಡಿನಲ್ಲೇ ಇತ್ತು. ಸೆಪ್ಟೆಂಬರ್ ಮೊದಲಲ್ಲಿ ಅಣ್ಣನ ಫೋನು: “ಮಾರಿಕಣಿವೆ ಕೋಡಿ ಬಿದ್ದಿದೆಯಂತೆ ಕಣೋ. ಅಪ್ಪ ಹೇಳ್ತಿದ್ದದ್ದು ನೆನಪಿದೆಯಾ?”

ನೆನಪಿಲ್ಲದೆ ಏನು! ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವನ್ನೇ ನಾವು ಮಾರಿಕಣಿವೆ ಎನ್ನುವುದು. ಮೈಸೂರು ಅರಸರ ಕಾಲದಲ್ಲಿ, 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು ಅದು. ನೀರು 130 ಅಡಿ ಮುಟ್ಟಿದರೆ ಕೋಡಿ. ಹಾಗೆ ಕೋಡಿ ಬಿದ್ದದ್ದು 1933ರಲ್ಲಿ. ಆಗ ಹುಡುಗನಾಗಿದ್ದ ನಮ್ಮಪ್ಪ ಅದನ್ನು ನೋಡಿದ್ದರಂತೆ. ಮತ್ತೆ ಕೋಡಿ ಬೀಳಲು 89 ವರ್ಷ ಬೇಕಾಯಿತು.

ಮಳೆ ಬಿಡುವು ಕೊಟ್ಟ ಒಂದು ದಿನ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಾಪ್ ತೆಗೆದೇ ಹೊರಟೆ. ದಾರಿಯಲ್ಲಿ ಹನಿ ಶುರುವಾಯಿತು. ಇಲ್ಲೊಂದು ಗುಟ್ಟಿದೆ ಮಕ್ಕಳೇ. ಟಾಪಿಲ್ಲದ ಕಾರು ಓಡುತ್ತಿರುವಾಗ ಮುಂದಿನ ಗಾಜಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ, ಸಣ್ಣ ಹನಿಗಳನ್ನು ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಒಯ್ದುಬಿಡುತ್ತದೆ. ಆದ್ದರಿಂದ ಅಷ್ಟಾಗಿ ನೆನೆಯುವುದಿಲ್ಲ. ಕಾರು ನಿಂತರೆ ಮುಗಿಯಿತು, ನೀರೆಲ್ಲ ಮಡಿಲಿಗೇ.

ಅಣೆಕಟ್ಟಿನ ಹತ್ತಿರ ಜನವೋ ಜನ. ವಾಹನಗಳ ಸಾಲು ಅಲುಗಲಿಲ್ಲ. ನಾವೂ ನಿಂತೆವು. ಮಳೆ ಜೋರಾಯಿತು. ನಾನು ಗಾಬರಿಯಿಂದ ಇಳಿದು ಟಾಪಿಗೆ ಕೈ ಹಾಕಿದೆ. ಅಣ್ಣ ನನ್ನ ತೋಳು ಹಿಡಿದು, “ಬಿಡೋ, ಇರಲಿ” ಎಂದ. ಕನ್ನಡಕ ತೆಗೆದು ಜೇಬಿಗಿಟ್ಟು ಮುಖ ಮೇಲೆ ಮಾಡಿ ಕೂತ. ಎಂಬತ್ತರ ಹತ್ತಿರದ ಮುದುಕ, ಹುಡುಗನ ಹಾಗೆ! ನಾನೂ ಪಕ್ಕದಲ್ಲಿ ಕೂತೆ. “ಅವತ್ತು ನಾನು ಹಾಗನ್ನಬಾರದಿತ್ತು ಕಣಣ್ಣ” ಎಂದೆ. “ಯಾವತ್ತು?” ಎಂದ ಅಣ್ಣ. ನಿಜವಾಗಿಯೂ ಮರೆತಿದ್ದನೋ, ನನಗಾಗಿ ಮರೆತನೋ ತಿಳಿಯಲಿಲ್ಲ.

ಸೀಟು ಒಣಗಲು ನಾಲ್ಕು ದಿನ ಹಿಡಿಯಿತು. ನನಗೆ ಜ್ವರವೂ ಬಂತು. ಅಜ್ಜಿ ಹೇಳಿದ್ದು ಸುಳ್ಳಾಗಲಿಲ್ಲ.

ನನಗೆ ಮೂವರು ಮೊಮ್ಮಕ್ಕಳು, ಕಾರಿನಲ್ಲಿ ಉಳಿದಿರುವುದು ಒಂದೇ ಸೀಟು. ಜಗಳ ಬೇಡವೆಂದು ಸರದಿಯ ಲೆಡ್ಜರ್ ಇಟ್ಟಿದ್ದೇನೆ. ಸೀಟ್ ಬೆಲ್ಟ್ ಹಾಕದವರಿಗೆ ಸರದಿ ರದ್ದು. ಈಗಲೂ ಭಾನುವಾರ ಮೋಡ ಕವಿದರೆ ಚಿಕ್ಕವನು ಮುಖ ಸಣ್ಣ ಮಾಡಿಕೊಂಡು, “ತಾತ, ನನ್ನ ಸರದಿ ಹೋಯ್ತಾ?” ಎನ್ನುತ್ತಾನೆ.

“ಎಲ್ಲೂ ಹೋಗಲ್ಲ ಕಣೋ. ಮುಂದಿನ ವಾರಕ್ಕೆ ಶಿಲ್ಕು. ಮೊದಲು ಮಳೆ ಬರಲಿ, ದೊಡ್ಡ ತಾತನ ತೋಟ ನೆನೀಲಿ” ಎನ್ನುತ್ತೇನೆ.